ಯಾರದಯ್ಯಾ ಈ ಕೈ?

ಆಗ ನನಗೆ ಅರವತ್ತೆರಡು. ಅದಾಗಿ ಒಂಬತ್ತು ವರ್ಷವಾಯಿತು. ಮೆಕ್ಯಾನಿಕ್ ಪುಟ್ಟಸ್ವಾಮಿಯ ಜೊತೆ ನಾನು ಕೊನೆಯ ಸಲ ಮಾತಾಡಿದ್ದು ಆ ವರ್ಷ. ಅದಾದ ಮೇಲೂ ಅವನು ಬಹಳ ಕಾಲ ಬದುಕಿದ್ದ. ಹೊಳೆನರಸೀಪುರದ ಅರಕಲಗೂಡು ರಸ್ತೆಯಲ್ಲಿ ಅವನ ಗ್ಯಾರೇಜಿಗೂ ನನ್ನ ಪೆಟ್ಟಿಗೆ ಅಂಗಡಿಗೂ ನಡುವೆ ಇದ್ದದ್ದು ಒಂದು ಹೊಂಗೆಮರ. ದಿನಾ ಬೆಳಿಗ್ಗೆ ಅವನು ತಗಡಿನ ಗೇಟು ಎಳೆಯುವ ಸದ್ದು ಕೇಳುತ್ತಿತ್ತು, ಕೆಮ್ಮುವುದು ಕೇಳುತ್ತಿತ್ತು, ಗಿರಾಕಿಗಳನ್ನು ಬೈಯುವುದು ಕೇಳುತ್ತಿತ್ತು. ನಾನು ಮಾತಾಡಲಿಲ್ಲ, ಅಷ್ಟೆ.

ಸತ್ತವರನ್ನು ಬೈಯಬಾರದು ಎಂದು ನನ್ನ ಮಗಳು ಸವಿತ ಹೇಳುತ್ತಾಳೆ. ಬದುಕಿದ್ದಾಗ ಬೈಯಲಿಲ್ಲ. ಈಗಲೂ ಬೈಯಬಾರದು ಅಂದರೆ ಇನ್ನು ಯಾವಾಗ ಬೈಯುವುದು?

ಅವನ ಹತ್ತಿರ ಕೆಟ್ಟ ಗಾಡಿ ತಂದು ನಿಲ್ಲಿಸಿದರೆ ಅವನು ಏನು ಕೆಟ್ಟಿದೆ ಎಂದು ಕೇಳುತ್ತಿರಲಿಲ್ಲ. ಬಾನೆಟ್ ಎತ್ತಿಸಿ ದೂರದಲ್ಲೇ ನಿಂತು ಮೊದಲು ನಟ್ಟುಗಳನ್ನು ನೋಡುತ್ತಿದ್ದ. ಯಾವ ನಟ್ಟಿನ ಮೂಲೆ ಸವೆದಿದೆ, ಎಲ್ಲಿ ತಂತಿ ಸುತ್ತಿದ್ದಾರೆ, ಎಲ್ಲಿ ಬೇರೆ ಗಾಡಿಯ ಬೋಲ್ಟು ತಂದು ತುರುಕಿದ್ದಾರೆ. ಅದೆಲ್ಲ ನೋಡಿಯಾದ ಮೇಲೆ ಸೊಂಟದ ಮೇಲೆ ಕೈಯಿಟ್ಟುಕೊಂಡು, ರಸ್ತೆಯಲ್ಲಿ ಹೋಗುವವರಿಗೂ ಕೇಳುವ ಹಾಗೆ, "ಯಾರ್ದಯ್ಯಾ ಈ ಕೈ?" ಅನ್ನುತ್ತಿದ್ದ. ತನಗಿಂತ ಮೊದಲು ಈ ಗಾಡಿಗೆ ಕೈ ಹಾಕಿದ ಮೆಕ್ಯಾನಿಕ್ ಯಾರು ಅಂತ. ಹಾಸನದವನೋ, ಚನ್ನರಾಯಪಟ್ಟಣದವನೋ, ಯಾರೇ ಆಗಿರಲಿ, ಅವನ ವಂಶವನ್ನು ಜಾಲಾಡಿದ ಮೇಲೆಯೇ ಸ್ಪ್ಯಾನರ್ ಮುಟ್ಟುತ್ತಿದ್ದ. ಗಿರಾಕಿಗಳಿಗೂ ಅದು ಇಷ್ಟ. ತಮ್ಮ ಗಾಡಿ ಕೆಟ್ಟದ್ದಕ್ಕೆ ಬೇರೆ ಯಾರೋ ಒಬ್ಬ ಪಾಪಿ ಸಿಕ್ಕಿದ ಎಂದು ನಿರಾಳವಾಗಿ ನನ್ನ ಅಂಗಡಿಗೆ ಬಂದು ಟೀ ಕುಡಿಯುತ್ತಿದ್ದರು.

ಒಂದು ಸಲ ಹಳೇಕೋಟೆಯ ಕಡೆಯ ರೈತನೊಬ್ಬ ಹಳೇ ಜೀಪು ತಂದಿದ್ದ. ಸೈಲೆನ್ಸರನ್ನು ಮೂರು ಸುತ್ತು ಜಿಐ ತಂತಿ ಹಾಕಿ ಚಾಸಿಗೆ ಬಿಗಿದಿತ್ತು. ಪುಟ್ಟಸ್ವಾಮಿ ಜೀಪಿನ ಕೆಳಗೆ ಮಲಗಿಕೊಂಡೇ ಶುರು ಮಾಡಿದ. ಇದು ಕೈಯಾ, ಕಾಲಾ? ಎಮ್ಮೆ ಕಟ್ಟುವವನು ಕಟ್ಟಿದ್ದಾನೆ. ಇವನಿಗೆ ಗಾಡಿ ಕೊಡುವುದಕ್ಕಿಂತ ಬಣವೆ ಒಟ್ಟುವ ಕೆಲಸ ಕೊಡಿ. ರೈತ ಪಾಪ, ಟವೆಲ್ಲು ಹೆಗಲ ಮೇಲೆ ಹಾಕಿಕೊಂಡು ಪೂರ್ತಿ ಕೇಳಿದ. ಆಮೇಲೆ ಮೆಲ್ಲಗೆ, "ನಿಮ್ದೇ ಸಾ ಆ ಕೈ, ಓದ ಸುಗ್ಗೀಲಿ" ಅಂದ. ಟೀ ಕುಡಿಯುತ್ತಿದ್ದವರೆಲ್ಲ ಲೋಟ ಕೆಳಗಿಟ್ಟರು. ಜೀಪಿನ ಕೆಳಗೆ ಸ್ಪ್ಯಾನರ್ ನೆಲಕ್ಕಿಟ್ಟ ಸದ್ದಾಯಿತು. ಆಮೇಲೆ ಮಾತು ಬಂತು: "ಅದ್ಕೇ ಕಣಯ್ಯ, ಇನ್ನೂ ಕಳಚ್ಕಂಡ್ ಬಿದ್ದಿಲ್ಲ."

ನಾನೂ ನಕ್ಕಿದ್ದೆ. ನಗುವಂಥದ್ದೇ. ಅವನು ಸಿಕ್ಕಿಬಿದ್ದಾಗಲೂ ಸೋಲುವವನಲ್ಲ ಎಂದು ಅವತ್ತೇ ಗೊತ್ತಾಗಬೇಕಿತ್ತು ನೋಡಿ. ನಗುವಾಗ ಯಾರಿಗೆ ಏನು ಗೊತ್ತಾಗುತ್ತದೆ.

ಆಳು ಸಣಕಲು. ಖಾಕಿ ಅಂಗಿ. ಅಂಗಿಯ ಎಡಗಡೆಯ ಜೇಬು ಯಾವಾಗಲೂ ಜೋತುಬಿದ್ದಿರುತ್ತಿತ್ತು, ಯಾಕೆಂದರೆ ಬಿಚ್ಚಿದ ಸಾಮಾನೆಲ್ಲ ಅದರೊಳಗೇ. ವಾಷರ್ರು, ಸ್ಪ್ರಿಂಗು, ಯಾವುದೋ ಸತ್ತ ಗಾಡಿಯ ಕ್ಲಿಪ್ಪು. ಯಾವುದನ್ನೂ ಎಸೆಯುತ್ತಿರಲಿಲ್ಲ. "ಓಡೋ ವಸ್ತುವ ಯಾಕ್ ಬಿಸಾಕ್ತೀರಿ? ಅದೇನ್ ಓಡಕಿಲ್ಲ ಅಂದದಾ?" ಎನ್ನುವುದು ಅವನ ಇನ್ನೊಂದು ಮಾತು. ಹಾಸನದ ದೊಡ್ಡ ಶೋರೂಮಿನಲ್ಲಿ ಇದು ಹೋಗಿದೆ, ಅದು ಹೋಗಿದೆ ಎಂದು ಹೊಸ ಸಾಮಾನಿನ ಪಟ್ಟಿ ಹೇಳಿಸಿಕೊಂಡು ಬಂದವರೆಲ್ಲ ಪುಟ್ಟಸ್ವಾಮಿಯ ಹತ್ತಿರ ಬರುತ್ತಿದ್ದರು. ಅವನು ಹಳೆಯದನ್ನೇ ಸೀಮೆಎಣ್ಣೆಯಲ್ಲಿ ತೊಳೆದು, ಬೆರಳಲ್ಲಿ ತಿರುಗಿಸಿ, ಕಿವಿ ಹತ್ತಿರ ಹಿಡಿದು, ಮತ್ತೆ ಅಲ್ಲೇ ಕೂರಿಸುತ್ತಿದ್ದ. ಗಾಡಿ ಓಡುತ್ತಿತ್ತು. ಜನ ಅವನನ್ನು ಹೊಗಳುತ್ತಿದ್ದುದೇ ಅದಕ್ಕೆ.

ಅವನು ನಮಗೆ ಸಂಬಂಧಿ ಅಲ್ಲ. ನಮ್ಮ ಯಜಮಾನರು ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದರು, ಇವನು ಅದನ್ನು ರಿಪೇರಿ ಮಾಡುತ್ತಿದ್ದ. ಅವರನ್ನು ಅಣ್ಣ ಅನ್ನುತ್ತಿದ್ದ, ನನ್ನನ್ನು ಅತ್ತಿಗೆ ಅನ್ನುತ್ತಿದ್ದ. ಸವಿತ ಅವನನ್ನು ಚಿಕ್ಕಪ್ಪ ಎಂದೇ ಕರೆದು ಬೆಳೆದವಳು. ಯಜಮಾನರು ಹಾಸನದ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಅವರ ಕಾರಿನಲ್ಲೇ ಅವರನ್ನು ಮನೆಗೆ ತಂದವನು ಪುಟ್ಟಸ್ವಾಮಿ. ಮಣ್ಣು ಮುಗಿದ ಮೇಲೆ ಕಾರನ್ನು ಹೊಳೆಗೆ ಒಯ್ದು, ಒಳಗೂ ಹೊರಗೂ ತೊಳೆದು, ತಂದು ಬಾಗಿಲಲ್ಲಿ ನಿಲ್ಲಿಸಿ ಕೀ ಕೊಟ್ಟು ಹೋದ. ಇದನ್ನೂ ಬರೆಯಬೇಕು. ಬರೆಯದಿದ್ದರೆ ಅವನು ಮಾಡಿದ್ದು ಎಷ್ಟು ದೊಡ್ಡದು ಎಂದು ಗೊತ್ತಾಗುವುದಿಲ್ಲ.

ಸವಿತಳನ್ನು ಅರಕಲಗೂಡಿಗೆ ಕೊಟ್ಟಿದ್ದೆವು. ಗಂಡ ಸರಿಯಿರಲಿಲ್ಲ, ವಾಪಸು ಬಂದಳು. ಅದರ ಕತೆ ಇಲ್ಲಿ ಬೇಡ. ಕಾರು ಬಾಗಿಲಲ್ಲಿ ಧೂಳು ಹಿಡಿದು ನಿಂತಿತ್ತು, ಮಗಳು ಒಳಗೆ ಗೋಡೆ ನೋಡುತ್ತ ಕೂತಿದ್ದಳು. ಕಾರು ಮಾರಿಬಿಡೋಣ ಎಂದು ನಾನು ಪುಟ್ಟಸ್ವಾಮಿಗೆ ಹೇಳಿದೆ. ಅವನು ಟೀ ಬಸಿಗೆ ಊದುತ್ತ, "ಮನೇಲಿ ಡ್ರೈವರ್ ಕೂರುಸ್ಕಂಡು ಕಾರ್ ಮಾರ್ತೀನಿ ಅಂತೀಯಲ್ಲ ಅತ್ಗೆ" ಅಂದ. ಯಾವ ಡ್ರೈವರ್ ಎಂದು ನಾನು ಸುತ್ತ ನೋಡಿದೆ.

ಮಾರನೆಯ ವಾರದಿಂದಲೇ ಕೆರೆ ಏರಿಯ ಮೇಲೆ ಸವಿತಳಿಗೆ ಕಾರು ಕಲಿಸಲು ಶುರು ಮಾಡಿದ. ಬೇರೆಯವರ ಹಾಗೆ ಪಕ್ಕದಲ್ಲಿ ಕೂತು ಕೂಗಾಡುತ್ತಿರಲಿಲ್ಲ. ಮೊದಲ ನಾಲ್ಕು ದಿನ ಕೈ ಕಾಲು ತೋರಿಸಿಕೊಟ್ಟು, ಆಮೇಲೆ ಹಿಂದಿನ ಸೀಟಿಗೆ ಹೋಗಿ ಪಾಸಿಂಜರ್ ಹಾಗೆ ಕಾಲು ಮಡಿಸಿಕೊಂಡು ಕೂರುತ್ತಿದ್ದ. ಅವನ ತಲೆ ಮುಂದಿನ ಸೀಟಿಗೆ ಬಡಿದರೆ ಬ್ರೇಕು ತಪ್ಪು, ಹಿಂದಕ್ಕೆ ವಾಲಿದರೆ ಕ್ಲಚ್ಚು ತಪ್ಪು. ಅವಳಿಗೆ ಲೈಸೆನ್ಸು ಬಂದು ಸ್ವಲ್ಪ ಕಾಲದ ಮೇಲೆ ಒಂದು ದಿನ ಅರಕಲಗೂಡಿಗೆ ಹೋಗಿ ಬರೋಣ ಎಂದು ಹೊರಡಿಸಿದ. ನಾನೂ ಇದ್ದೆ. ಗಂಡನ ಊರಿಗೇ ಕಾರು ಓಡಿಸಿಕೊಂಡು ಹೋಗಲಿ ಎಂಬುದು ಅವನ ಲೆಕ್ಕವಿದ್ದರೂ ಇರಬಹುದು. ಊರು ದಾಟುವುದರೊಳಗೆ ಗೊರಕೆ ಹೊಡೆಯತೊಡಗಿದ. ಹೋಗುತ್ತಾ ಗೊರಕೆ, ಬರುತ್ತಾ ಗೊರಕೆ. ವಾಪಸು ಬಂದು ಇಳಿದವನೇ ಸೀದಾ ಸ್ಟ್ಯಾಂಡಿಗೆ ಹೋಗಿ ಅಲ್ಲಿದ್ದ ಗಂಡಸರಿಗೆಲ್ಲ ಹೇಳಿದ: "ನಿಮ್ ಯಾರ್ ಗಾಡೀಲೂ ನಾನ್ ಕಣ್ ಮುಚ್ಚಿಲ್ಲ ಕಣ್ರಲಾ. ಈ ಮಗೀನ್ ಗಾಡೀಲಿ ಮಲೀಕಂಬುಟ್ಟಿದ್ದೆ. ಕೈ ಅಂದ್ರೆ ಇದು."

ಸ್ಟ್ಯಾಂಡಿನಲ್ಲಿ ಹೆಂಗಸಿಗೆ ಪಾಳಿ ಕೊಡುವುದು ಎಂದರೆ ಸುಮ್ಮನೆ ಅಲ್ಲ. ಅಲ್ಲಿ ಎಲ್ಲರೂ ವರಸೆಯಲ್ಲಿ ನಿಲ್ಲುತ್ತಾರೆ, ತಮ್ಮ ಪಾಳಿ ಬಂದಾಗ ಬಾಡಿಗೆ ಹಿಡಿಯುತ್ತಾರೆ. ಪಾಳಿ ಇಲ್ಲದ ಗಾಡಿ ಅಲ್ಲಿ ನಿಂತರೆ ಅಡ್ಡ ನಿಂತ ದನದ ಹಾಗೆ ಅಟ್ಟುತ್ತಾರೆ. ಸ್ಟ್ಯಾಂಡಿಗೆ ಹಿರಿಯ ಬೋರೇಗೌಡ ಬೇಡ ಅನ್ನುವವನೇ ಇದ್ದ. ಆದರೆ ಪುಟ್ಟಸ್ವಾಮಿಯ ಗೊರಕೆಗೆ ಎದುರು ಹೇಳುವವರಿಲ್ಲ. ಅವರೆಲ್ಲರ ಗಾಡಿಗಳೂ ಅವನ ಕೈಯಲ್ಲೇ ಬದುಕುತ್ತಿದ್ದವು. ಸವಿತಳಿಗೆ ಪಾಳಿ ಸಿಕ್ಕಿತು. ಆ ಪಾಳಿಯಿಂದ ನನ್ನ ಮಗಳು ಗೋಡೆ ನೋಡುವುದು ಬಿಟ್ಟಳು. ಅವಳಿಗೆ ಬೇರೆ ಕೆಲಸ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಎರಡು ವರ್ಷ ಚೆನ್ನಾಗಿ ನಡೆಯಿತು.

ಆಮೇಲೆ ಬಂದ ಯುಗಾದಿಯ ಹೊತ್ತಿಗೆ ಕಾರಿನ ಟೈಮಿಂಗ್ ಬೆಲ್ಟು ಬದಲಾಯಿಸಬೇಕು ಎಂದು ಅವನೇ ಹೇಳಿದ. ಬೆಲ್ಟು ಎಂದರೆ ಏನು ಎಂದು ನಾನು ಕೇಳಿದಾಗ ಅವನು ಹೇಳಿದ್ದು ಈಗಲೂ ಜ್ಞಾಪಕವಿದೆ. "ನೀವು ಭತ್ತ ಕುಟ್ತಿರ್ಲಿಲ್ವಾ ಅತ್ಗೆ? ಒಬ್ಳು ಒನಕೆ ಆಕ್ತಾಳೆ. ಇನ್ನೊಬ್ಳು ಒರಳಿಗೆ ಕೈ ಆಕಿ ಆಡುಸ್ತಾಳೆ. ಒನಕೆ ಮ್ಯಾಕ್ ಓದಾಗ ಕೈ ಒಳೀಕೆ, ಒನಕೆ ಕೆಳೀಕ್ ಬಂದಾಗ ಕೈ ಆಚೀಕೆ. ಇಂಜಿನ್ನೂ ಅಂಗೇಯ. ಪಿಸ್ಟನ್ನು ಒನಕೆ, ವಾಲು ಕೈ. ಬೆಲ್ಟು ಅಂಬೋದು ಅವೆರಡುಕ್ಕೂ ನಡುವಿನ ಲೆಕ್ಕ. ಬೆಲ್ಟು ಕಿತ್ರೆ ಒನಕೆ ನಿಲ್ಲಕಿಲ್ಲ, ಕೈ ಜಜ್ಜೋಯ್ತದೆ." ಇಷ್ಟು ಚೆನ್ನಾಗಿ ಯಾರೂ ನನಗೆ ಏನನ್ನೂ ಹೇಳಿಕೊಟ್ಟಿರಲಿಲ್ಲ.

ಬೆಲ್ಟು ಮಾರಿದ ಹಾಸನದ ಅಂಗಡಿಯವನು ಅದು ಓಡುವ ರೋಲರನ್ನೂ ಜೊತೆಗೇ ಬದಲಾಯಿಸಿ ಎಂದು ಸವಿತಳಿಗೆ ಹೇಳಿದ್ದ. ಅವಳು ಅದನ್ನೂ ಕೊಂಡು ತರುತ್ತೇನೆ ಎಂದಳು. ಪುಟ್ಟಸ್ವಾಮಿ ಬೇಡ ಅಂದ. ಹಳೇ ರೋಲರನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬೆರಳಿಗೆ ಸಿಕ್ಕಿಸಿ ಅವಳ ಕಿವಿಯ ಹತ್ತಿರ ತಿರುಗಿಸಿ, ಸದ್ದಿದೆಯಾ ಎಂದು ಕೇಳಿದ. ಸದ್ದಿರಲಿಲ್ಲ. ಓಡುವ ವಸ್ತುವನ್ನು ಎಸೆಯಬಾರದು ಎಂದು ಮತ್ತೆ ಅಲ್ಲೇ ಕೂರಿಸಿದ. ಕೊಳ್ಳುವುದಕ್ಕೆ ನಾವು ತಯಾರಾಗಿದ್ದೆವು. ಬೇಡ ಅಂದವನು ಅವನು.

ಅದೇ ವರ್ಷ ಕಾರ್ತಿಕ ಕಳೆದು ಮದುವೆಗಳು ಶುರುವಾಗಿದ್ದವು. ಬಾಗೂರಿನ ಒಂದು ಮನೆಯವರು ಹಾಸನದಲ್ಲಿ ಬೀಗರೂಟಕ್ಕೆ ಹೋಗಲು ಸವಿತಳ ಕಾರು ಹಿಡಿದಿದ್ದರು. ಶಾಂತಿಗ್ರಾಮ ದಾಟಿ ಸ್ವಲ್ಪ ದೂರ ಹೋಗಿದ್ದಾರೆ, ಮುಂದೆ ಎಲ್ಲೋ ಪಟ್ ಅಂದಿದೆ, ಇಂಜಿನ್ನು ನಿಂತಿದೆ. ಹೊಗೆ ಇಲ್ಲ, ಬಿಸಿ ಇಲ್ಲ, ನಡುಕ ಇಲ್ಲ. ಉರುಳಿಸಿಕೊಂಡೇ ಪಕ್ಕಕ್ಕೆ ತಂದು ನಿಲ್ಲಿಸಿ ಸೆಲ್ಫ್ ಹೊಡೆದಿದ್ದಾಳೆ. ಸೆಲ್ಫು ಎಂದೂ ಇಲ್ಲದಷ್ಟು ಹಗುರವಾಗಿ, ಕೊಡ ಕಳಚಿಕೊಂಡ ಹಗ್ಗ ರಾಟೆಯ ಮೇಲೆ ಓಡಿದ ಹಾಗೆ, ಗಿರ್ರನೆ ತಿರುಗಿದೆ. ಹೆದರಿ ಕೈ ತೆಗೆದು ಪುಟ್ಟಸ್ವಾಮಿಗೆ ಫೋನು ಮಾಡಿದಳು.

ಆಗ ಅವನು ನನ್ನ ಅಂಗಡಿಯ ಕಲ್ಲು ಬೆಂಚಿನ ಮೇಲೆ ಕೂತು ಬಾಳೆಹಣ್ಣು ತಿನ್ನುತ್ತಿದ್ದ. ಕೈ ಗ್ರೀಸಾಗಿದ್ದರಿಂದ ಫೋನನ್ನು ಸ್ಪೀಕರಿಗೆ ಹಾಕಿ ಬೆಂಚಿನ ಮೇಲಿಟ್ಟಿದ್ದ. ಸೆಲ್ಫು ಹಗುರವಾಗಿದೆ ಚಿಕ್ಕಪ್ಪ ಎಂದು ಅವಳು ಹೇಳಿದ್ದನ್ನು ನಾನು ಕೇಳಿದೆ. ಅವನು ಹಣ್ಣು ಅಗಿಯುತ್ತ ಹೇಳಿದ್ದನ್ನೂ ಕೇಳಿದೆ. "ಡೀಜಲ್ಗೆ ಗಾಳಿ ಒಕ್ಕಂಡದೆ ಬುಡು ಮಗ. ಜನ ಅವ್ರಲ್ಲ, ತಳ್ಸು. ಸೆಕೆಂಡ್ ಗೇರ್ಗ್ ಆಕಿ ಕ್ಲಚ್ ಬುಡು, ಎತ್ಕತದೆ."

ನಮ್ಮ ಕಡೆ ಗಾಡಿ ನಿಂತರೆ ಮೊದಲ ಔಷಧಿ ತಳ್ಳುವುದೇ. ದಾರಿಯಲ್ಲಿ ಹೋಗುವವರೂ ಸೈಕಲ್ಲು ನಿಲ್ಲಿಸಿ ಬಂದು ಕೈ ಹಚ್ಚುತ್ತಾರೆ. ಬೀಗರೂಟಕ್ಕೆ ಬಿಳಿ ಪಂಚೆ ಉಟ್ಟು ಹೊರಟ ಗಂಡಸರೆಲ್ಲ ಇಳಿದು, ಪಂಚೆ ಎತ್ತಿಕಟ್ಟಿ ತಳ್ಳಿದರು. ಅವಳು ಚಿಕ್ಕಪ್ಪ ಹೇಳಿದ ಹಾಗೆ ಸೆಕೆಂಡ್ ಗೇರಿಗೆ ಹಾಕಿ ಕ್ಲಚ್ಚು ಬಿಟ್ಟಳು. ಒಳಗೆ ಕಟಕಟ ಅಂತ ಕಬ್ಬಿಣ ಕಬ್ಬಿಣಕ್ಕೆ ಬಡಿದ ಸದ್ದು ಬಂತಂತೆ. ಆಮೇಲೆ ಅವಳು ತಳ್ಳಿಸಲಿಲ್ಲ. ಬಾಗೂರಿನವರು ಬಸ್ಸಿಗೆ ಕೈ ಅಡ್ಡ ಹಾಕಿ ಹೋದರು, ಬೈದುಕೊಂಡೇ ಹೋದರು. ಸಂಜೆಯೊಳಗೆ ಪುಟ್ಟಸ್ವಾಮಿ ತನ್ನ ಜೀಪಿಗೆ ಕಟ್ಟಿ ಕಾರನ್ನು ಗ್ಯಾರೇಜಿಗೆ ಎಳೆದು ತಂದ.

ಮಾರನೆಯ ದಿನ ಸ್ಟ್ಯಾಂಡಿನ ಗಂಡಸರೆಲ್ಲ ಗ್ಯಾರೇಜಿನಲ್ಲಿ ಸೇರಿದ್ದರು. ಹೆಂಗಸಿನ ಗಾಡಿ ಕೆಟ್ಟಿದೆ ಎಂದರೆ ನೋಡಲು ಬರುವವರಿಗೆ ಬರವೇ. ಬೋರೇಗೌಡ ಬಂದು ಟೈರಿನ ಮೇಲೆ ಕೂತಿದ್ದ. ಸವಿತ ಬಾನೆಟ್ ಹಿಡಿದುಕೊಂಡು ನಿಂತಿದ್ದಳು. ನಾನೂ ಅಂಗಡಿ ಬಿಟ್ಟು ಹೋಗಿದ್ದೆ.

ಪುಟ್ಟಸ್ವಾಮಿ ಮೊದಲು ಒಂದೇ ಒಂದು ಸಲ, ಚಿಟಿಕೆ ಹೊಡೆಯುವಷ್ಟು ಹೊತ್ತು, ಸೆಲ್ಫ್ ಹೊಡೆಸಿದ. ಆ ಹಗುರ ಸದ್ದು ಕೇಳಿದ ಕೂಡಲೇ ಅವನ ಮುಖ ಬದಲಾಯಿತು. ಆಯಿಲ್ ಹಾಕುವ ಮುಚ್ಚಳ ತೆಗೆದು ಟಾರ್ಚು ಬಿಟ್ಟು ಒಳಗೆ ನೋಡುತ್ತ ಇನ್ನೊಂದು ಚೂರು ತಿರುಗಿಸಲು ಹೇಳಿದ. ಕೆಳಗಿನದು ತಿರುಗುತ್ತಿದೆ, ಮೇಲಿನದು ಅಲುಗಾಡುತ್ತಿಲ್ಲ ಅಂದ. ಅಷ್ಟಕ್ಕೇ ಎಲ್ಲರಿಗೂ ತಿಳಿಯಿತು, ಬೆಲ್ಟು ಹೋಗಿದೆ. ಪಕ್ಕದ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿದಾಗ ಕರೀ ನಾರು ನಾರಾಗಿ ಬೆಲ್ಟು ಹೊರಗೆ ಬಿತ್ತು. ಸುಟ್ಟ ರಬ್ಬರಿನ ವಾಸನೆ ಬಂತು.

ಎಲ್ಲರೂ ಬೆಲ್ಟು ನೋಡುತ್ತಿದ್ದರು. ನಾನು ಅವನನ್ನು ನೋಡುತ್ತಿದ್ದೆ. ಅವನು ಒಳಗೆ ಕೈ ಹಾಕಿ ಆ ರೋಲರನ್ನು ಬಿಚ್ಚಿ ತೆಗೆದ. ಬೆರಳಲ್ಲಿ ತಿರುಗಿಸಿದ. ಅದು ತಿರುಗಲಿಲ್ಲ. ಮತ್ತೆ ತಿರುಗಿಸಿದ, ಹೆಬ್ಬೆರಳು ಬೆಳ್ಳಗಾಗುವ ಹಾಗೆ ಒತ್ತಿ ತಿರುಗಿಸಿದ. ಕಬ್ಬಿಣ ಕುಲುಮೆಯಿಂದ ತೆಗೆದ ಹಾಗೆ ನೀಲಿಗಟ್ಟಿತ್ತು. ಅದನ್ನು ಹಾಗೇ ಅಂಗಿಯ ಜೇಬಿಗೆ ಹಾಕಿಕೊಂಡ. ಯಾರದು ಈ ಕೈ ಎಂದು ಅವತ್ತು ಅವನು ಕೇಳಲಿಲ್ಲ. ಕೇಳದೆ ಇದ್ದದ್ದು ಅಲ್ಲಿದ್ದ ಯಾರಿಗೂ ಗೊತ್ತಾಗಲೂ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ಇಂಜಿನ್ನಿನ ಮೇಲ್ಭಾಗದ ಹೆಡ್ಡು ಇಳಿಸಿ ಹಲಗೆಯ ಮೇಲೆ ಬೋರಲು ಹಾಕಿದ. ವಾಲುಗಳು, ಅಂದರೆ ಅವನು ಒನಕೆ ಕತೆಯಲ್ಲಿ ಹೇಳಿದ ಕೈಗಳು, ಬಗ್ಗಿ ಸೊಟ್ಟ ನಿಂತಿದ್ದವು. ಪಿಸ್ಟನ್ನುಗಳ ತಲೆಯ ಮೇಲೆ ಹಸೀ ಮಣ್ಣಿಗೆ ಉಗುರು ಒತ್ತಿದ ಹಾಗೆ ಅರ್ಧಚಂದ್ರದ ಗುರುತುಗಳಿದ್ದವು. ಬೋರೇಗೌಡ ಟೈರಿನ ಮೇಲಿಂದಲೇ, "ಏನಂತೆ ಪುಟ್ಸಾಮಿ, ಯಾತರಿಂದ ಆಯ್ತು?" ಅಂದ.

ಪುಟ್ಟಸ್ವಾಮಿ ಬೋರೇಗೌಡನನ್ನೂ ನೋಡಲಿಲ್ಲ, ಸವಿತಳನ್ನೂ ನೋಡಲಿಲ್ಲ. ಹೆಡ್ಡಿನ ಕಡೆ ನೋಡುತ್ತ, "ಬೆಲ್ಟ್ ಕಿತ್ತದೆ ಗೌಡ್ರೆ. ಅದಾದ್ ಮ್ಯಾಕೆ ತಳ್ಸವ್ರೆ. ತಳ್ಸಿದ್ಕೆ ವಾಲೆಲ್ಲ ಜಜ್ಜೋಗವೆ" ಅಂದ.

ಬೆಲ್ಟು ಯಾಕೆ ಕಿತ್ತಿತು ಎಂದು ಯಾರೋ ಕೇಳಿದರು. ಇಂಜಿನ್ನು ತುಂಬಾ ರೇಸು ಮಾಡಿದರೆ ಕಿತ್ತೇ ಕೀಳುತ್ತದೆ ಅಂದ. ಆಮೇಲೆ, "ಕೈ ಕಣ್ರಪ್ಪ. ಎಲ್ಲಾ ಓಡ್ಸೋ ಕೈ ಮ್ಯಾಲೆ ಅದೆ" ಅಂದ.

ಸವಿತ ಮೊದಲು ನಂಬಲೇ ಇಲ್ಲ. ಅವನು ತಮಾಷೆ ಮಾಡುತ್ತಾನೆ ಅಂದುಕೊಂಡಳೋ ಏನೋ, ಮುಖದಲ್ಲಿ ಒಂದು ನಗುವಿನ ಹಾಗೆ ಇತ್ತು. "ಚಿಕ್ಕಪ್ಪ, ತಳ್ಸು ಅಂದೋರು ನೀವಲ್ವಾ?" ಅಂದಳು.

"ನಾನ್ ಗಾಳಿ ತಗ್ಸಿ ನೋಡು ಅಂದೆ ಮಗ. ನೀನ್ ತಪ್ಪಾಗಿ ಕೇಳುಸ್ಕಂಡಿದೀಯ."

ನಾನು ಎದ್ದು ಹೇಳಿದೆ. ಫೋನು ನನ್ನ ಬೆಂಚಿನ ಮೇಲೇ ಇತ್ತು, ನೀನು ನನ್ನ ಅಂಗಡಿಯ ಹಣ್ಣು ತಿನ್ನುತ್ತಾ ತಳ್ಳಿಸು ಅಂದೆ, ಸೆಕೆಂಡ್ ಗೇರು ಎಂದೂ ಹೇಳಿದೆ, ನಾನು ಕಿವಿಯಾರೆ ಕೇಳಿದ್ದೇನೆ ಎಂದೆ. ಆ ಜೇಬಿಗೆ ಹಾಕಿಕೊಂಡದ್ದು ಏನು, ತೆಗೆದು ತೋರಿಸು ಎಂದೂ ಕೇಳಿದೆ. ಅವನು ಜೇಬಿನ ಮೇಲೆ ಕೈಯಿಟ್ಟುಕೊಂಡು, ಯಾವುದೋ ಹಳೇ ನಟ್ಟು ಅತ್ತಿಗೆ ಅಂದ. ಅವನ ಜೇಬಿನಲ್ಲಿ ಹಳೇ ನಟ್ಟು ಇರುವುದು ಊರಿಗೇ ಗೊತ್ತಿದ್ದ ವಿಷಯ. ಎಲ್ಲರೂ ನಕ್ಕರು.

ಬೋರೇಗೌಡ ನಗಲಿಲ್ಲ. ಅವನು ಮರ್ಯಾದೆಯಿಂದಲೇ ಹೇಳಿದ. "ಗೌರಮ್ಮ, ನೀನ್ ಅವಳ್ ಅವ್ವ. ನೀನ್ ಇನ್ನೇನ್ ಅಂದೀಯ? ಮೆಕ್ಯಾನಿಕ್ ಏಳಿದ್ಮೇಲೆ ಮುಗೀತು. ಬಾಗೂರ್ನೋರು ಬೇರೆ ಸ್ಟ್ಯಾಂಡ್ಗೆ ಬಂದು ಉಗ್ದು ಓಗವ್ರೆ. ಸದ್ಯಕ್ಕೆ ಆ ಮಗೀಗ್ ಪಾಳಿ ಬ್ಯಾಡ."

ಸದ್ಯಕ್ಕೆ ಎಂದರೆ ಎಷ್ಟು ದಿನ ಎಂದು ಯಾರೂ ಹೇಳಲಿಲ್ಲ. ಆ ಸದ್ಯ ಇವತ್ತಿಗೂ ಮುಗಿದಿಲ್ಲ.

ಮುಂದಿನದನ್ನು ಇಲ್ಲೇ ಹೇಳಿ ಮುಗಿಸಿಬಿಡುತ್ತೇನೆ. ಕಾರು ಹಾಸನದಲ್ಲಿ ರಿಪೇರಿಯಾಯಿತು. ಅಲ್ಲಿಯ ಮೆಕ್ಯಾನಿಕ್ಕು ಕಿತ್ತ ಬೆಲ್ಟಿನ ಒಂದು ಅಂಚು ಮಾತ್ರ ಸುಟ್ಟಿರುವುದನ್ನು ನೋಡಿ, ಇದರ ರೋಲರ್ ಎಲ್ಲಿ, ಬಿಗಿಹಿಡಿದಿರಬೇಕು ಅಂದ. ಬೆಲ್ಟು ಕಿತ್ತ ಗಳಿಗೆಯಲ್ಲೇ ವಾಲು ಬಗ್ಗಿರುತ್ತವೆ, ತಳ್ಳಿದರೂ ಅಷ್ಟೆ ತಳ್ಳದಿದ್ದರೂ ಅಷ್ಟೆ ಅಂದ. ನಾನು ಅದನ್ನು ಸ್ಟ್ಯಾಂಡಿಗೆ ಹೋಗಿ ಹೇಳಿದೆ. ಹಾಸನದವರು ಪುಟ್ಟಸ್ವಾಮಿಯನ್ನು ಬೈಯದೆ ಇರುತ್ತಾರಾ, ಒಬ್ಬ ಮೆಕ್ಯಾನಿಕ್ಕು ಇನ್ನೊಬ್ಬನನ್ನು ಎಂದಾದರೂ ಹೊಗಳಿದ್ದುಂಟಾ ಅಂದರು. ಅದನ್ನು ಅವರಿಗೆ ಕಲಿಸಿದವನೂ ಅವನೇ. ಪಾಳಿ ಇಲ್ಲದ ಕಾರನ್ನು ಕೊನೆಗೆ ಮಾರಿದೆವು. ಸವಿತ ಚನ್ನರಾಯಪಟ್ಟಣದಲ್ಲಿ ಮನೆ ಮಾಡಿ ಶಾಲೆಯೊಂದರ ವ್ಯಾನು ಓಡಿಸುತ್ತಾಳೆ. ಚೆನ್ನಾಗಿದ್ದಾಳೆ. ಹಬ್ಬಕ್ಕೆ ಬರುತ್ತಾಳೆ. ಬಸ್ಸಿಳಿದು ಸ್ಟ್ಯಾಂಡಿನ ಮುಂದೆ ಬರುವುದಿಲ್ಲ, ಹಿಂದಿನ ಬೀದಿಯಿಂದ ಬರುತ್ತಾಳೆ.

ಆ ಘಟನೆಯಾದ ಮೇಲೆ ಪುಟ್ಟಸ್ವಾಮಿ ತನ್ನ ಹತ್ತಿರ ಬಂದ ಯಾವ ಗಾಡಿಗೂ ರೋಲರ್ ಬದಲಾಯಿಸದೆ ಬೆಲ್ಟು ಹಾಕಲಿಲ್ಲವಂತೆ. ಗಿರಾಕಿ ಬೇಡವೆಂದರೆ ಗಾಡಿಯನ್ನೇ ಮುಟ್ಟುತ್ತಿರಲಿಲ್ಲವಂತೆ. ಅದೇ ಅವನು ತಪ್ಪು ಒಪ್ಪಿಕೊಂಡ ರೀತಿ ಅವ್ವ ಎಂದು ಸವಿತ ಹೇಳುತ್ತಾಳೆ. ಊರಿನ ಗಾಡಿಗಳ ಮುಂದೆಲ್ಲ ಒಪ್ಪಿಕೊಂಡ, ಊರಿನ ಜನರ ಮುಂದೆ ಒಪ್ಪಿಕೊಳ್ಳಲಿಲ್ಲ. ಗಾಡಿ ಹೋಗಿ ಸ್ಟ್ಯಾಂಡಿನಲ್ಲಿ ಹೇಳುತ್ತದೆಯೇ? ಮೂರು ವರ್ಷದ ಕೆಳಗೆ ಎದೆನೋವು ಬಂದು ಸತ್ತ. ತಿಥಿಗೆ ಕರೆದಿದ್ದರು, ಹೋದೆ, ಎಲೆಗೆ ಬಡಿಸಿದ್ದನ್ನು ಉಂಡು ಬಂದೆ. ಗ್ಯಾರೇಜಿನಲ್ಲಿ ಈಗ ಸಿಮೆಂಟು ಮೂಟೆ ತುಂಬಿದ್ದಾರೆ.

ಅವನ ಜೊತೆ ಕೊನೆಯ ಮಾತು ಆಡಿದ್ದು ಹೆಡ್ಡು ಇಳಿಸಿದ ಆ ದಿನವೇ, ಸಂಜೆ. ಜನರೆಲ್ಲ ಹೋಗಿದ್ದರು. ಸವಿತ ಮನೆಯಲ್ಲಿ ಮತ್ತೆ ಗೋಡೆಯ ಕಡೆ ತಿರುಗಿ ಮಲಗಿದ್ದಳು. ನಾನು ಅಂಗಡಿ ಮುಚ್ಚಿ ಗ್ಯಾರೇಜಿಗೆ ಹೋದೆ. ಅವನು ಸೀಮೆಎಣ್ಣೆಯಲ್ಲಿ ನಮ್ಮ ಕಾರಿನ ಸಾಮಾನು ತೊಳೆಯುತ್ತ ಕೂತಿದ್ದ. ಬಾ ಅತ್ಗೆ ಅಂದ. ಕೂರು ಅಂದ. ಕೂರಲಿಲ್ಲ.

ನಾನು ಕೇಳುವ ಮೊದಲೇ ಜೇಬಿನಿಂದ ಆ ರೋಲರ್ ತೆಗೆದು ಹಲಗೆಯ ಮೇಲಿಟ್ಟ. "ಇದೇ ಕಣತ್ಗೆ. ನಾನೇ ಆಕಿದ್ದು. ಸದ್ದಿರ್ಲಿಲ್ಲ, ನೀನೂ ನೋಡಿದ್ದೆ" ಅಂದ. ಇಂಜಿನ್ನು ಪೂರ್ತಿ ನಾನು ಮಾಡಿಕೊಡುತ್ತೇನೆ, ಸಾಮಾನೂ ನನ್ನದೇ, ನೀವು ಏನೂ ಕೊಡಬೇಡಿ ಅಂದ. ಮೊದಲಿಗಿಂತ ಚೆನ್ನಾಗಿ ಓಡುವ ಹಾಗೆ ಮಾಡುತ್ತೇನೆ ಅಂದ.

"ಕಾರ್ ಓಡ್ತದೆ. ನನ್ ಮಗ್ಳು ಎಲ್ಲ್ ಓಡುಸ್ತಾಳೆ?" ಎಂದೆ.

ಅವನು ಬಟ್ಟೆಯಲ್ಲಿ ಕೈ ಒರೆಸಿಕೊಂಡ. ಒರೆಸಿಕೊಳ್ಳುತ್ತಲೇ ಇದ್ದ.

"ಈಗ್ ನಂಗ್ ಏಳಿದ್ಯಲ್ಲ ಪುಟ್ಸಾಮಿ. ಇದ್ನೇ ನಾಳೀಕ್ ಸ್ಟ್ಯಾಂಡ್ಗೆ ಬಂದು ಬೋರೇಗೌಡುನ್ ಮುಂದೆ ಏಳು. ಅಷ್ಟೇ ಸಾಕು. ರಿಪೇರಿ ನಾವೇ ಮಾಡುಸ್ಕತೀವಿ."

ಅವನು ಗೇಟಿನಾಚೆ ಸ್ಟ್ಯಾಂಡಿನ ಕಡೆ ನೋಡಿದ. ಸ್ಟ್ಯಾಂಡಿನ ಅಷ್ಟೂ ಗಾಡಿಗಳಲ್ಲಿ ಅವನು ಕೂರಿಸಿದ ಹಳೇ ರೋಲರುಗಳೇ ಓಡುತ್ತಿದ್ದವು. ಅದನ್ನು ಅವನೂ ಲೆಕ್ಕ ಹಾಕುತ್ತಿದ್ದಾನೆ ಎಂದು ನನಗೆ ಗೊತ್ತಾಯಿತು. ಒಂದು ಮಾತು ಹೊರಗೆ ಬಿದ್ದರೆ ಎಲ್ಲರೂ ಬಾನೆಟ್ ಎತ್ತಿಸಿಕೊಂಡು ಹಾಸನಕ್ಕೆ ಹೋಗುತ್ತಾರೆ.

"ಅದೊಂದ್ ಬುಟ್ಟು ಏನ್ ಬೇಕಾದ್ರೂ ಕೇಳತ್ಗೆ" ಅಂದ. "ಆ ಮಗ ಚಿಕ್ಕೋಳು. ಇವತ್ತಲ್ಲ ನಾಳೆ ಜನ ಮರೀತಾರೆ. ನಂದು ಅಂಗಲ್ಲ. ಒಂದ್ಸಾರಿ ಓದ್ರೆ ನನ್ ಕೈ ಓದಂಗೆ."

"ಅವಳ್ ಕೈ?"

ಅವನು ತಲೆ ಬಗ್ಗಿಸಿ ಇನ್ನೊಂದು ವಾಲನ್ನು ಸೀಮೆಎಣ್ಣೆಗೆ ಅದ್ದಿ ಉಜ್ಜತೊಡಗಿದ. ಬಗ್ಗಿಹೋದ ವಾಲು ಅದು. ಎಷ್ಟು ಉಜ್ಜಿದರೂ ಕೆಲಸಕ್ಕೆ ಬರುವಂಥದ್ದಲ್ಲ. ನಾನು ಹೊರಗೆ ಬಂದೆ.

ಮಾರನೆಯ ದಿನ ಬೆಳಿಗ್ಗೆ ನಾನು ಅಂಗಡಿ ತೆಗೆಯಲಿಲ್ಲ. ಕಾರನ್ನು ಹಾಸನಕ್ಕೆ ಎಳೆಸಿಕೊಂಡು ಹೋಗಲು ಪಕ್ಕದ ಬೀದಿಯವರ ಟ್ರ್ಯಾಕ್ಟರ್ ಕರೆಸಿದೆ. ಇಳಿಸಿದ ಹೆಡ್ಡನ್ನು ಗೋಣಿಚೀಲಕ್ಕೆ ಹಾಕಿ ಕಾರಿನ ಹಿಂದಿನ ಸೀಟಿನ ಮೇಲೆ ಇಟ್ಟೆ. ನಾರು ನಾರಾದ ಬೆಲ್ಟನ್ನೂ ಬಾಚಿಕೊಂಡೆ. ರೋಲರ್ ಮಾತ್ರ ಹಲಗೆಯ ಮೇಲಿರಲಿಲ್ಲ. ಸವಿತಳನ್ನು ಎಬ್ಬಿಸಿ, ತಲೆ ಬಾಚಿಸಿ, ಕರೆತಂದು ಸ್ಟೇರಿಂಗಿನ ಮುಂದೆ ಕೂರಿಸಿದೆ. ನಾನು ಪಕ್ಕದಲ್ಲಿ ಕೂತೆ. ಪುಟ್ಟಸ್ವಾಮಿ ಗೇಟು ಹಿಡಿದುಕೊಂಡು ನಿಂತಿದ್ದ, ತಡೆಯಲಿಲ್ಲ. ಟ್ರ್ಯಾಕ್ಟರ್ ಹಗ್ಗ ಎಳೆಯಿತು, ಕಾರು ಕದಲಲಿಲ್ಲ. ಹಿಂದಿನ ಚಕ್ರಕ್ಕೆ ಕೊಟ್ಟಿದ್ದ ಕಲ್ಲನ್ನು ತೆಗೆಯಲು ನಾವು ಮರೆತಿದ್ದೆವು. ಅವನೇ ಬಂದು, ಬಗ್ಗಿ, ಕಲ್ಲು ತೆಗೆದ. ಕಿಟಕಿಯ ಹತ್ತಿರ ಬಂದು, ನನ್ನ ಕಡೆ ನೋಡದೆ, "ಇಂಜಿನ್ ಓಡಕಿಲ್ಲ ಮಗ, ಬ್ರೇಕ್ ಕಲ್ಲಿನಂಗಿರ್ತದೆ. ಎಲ್ಡೂ ಕಾಲ್ ಆಕಿ ಒತ್ತು. ಅಗ್ಗ ಸಡ್ಲ ಬುಡ್ಬ್ಯಾಡ" ಅಂದ. ಸವಿತ ಎರಡೂ ಕಾಲು ಹಾಕಿ ಒತ್ತಿ ನೋಡಿಕೊಂಡಳು.

ಟ್ರ್ಯಾಕ್ಟರಿನವನು ಬೈಪಾಸಿನ ಕಡೆಯಿಂದ ಹೋಗೋಣವೇ ಎಂದು ಕೇಳಿದ. ನಾನು ಬೇಡ ಎಂದೆ. ಸ್ಟ್ಯಾಂಡಿನ ಮುಂದೆಯೇ, ನಿಧಾನವಾಗಿ ಎಳೆಸಿಕೊಂಡು ಹೋದೆ.